ಸಾಲಿನ ಕೊನೆಯ ಕೆಂಪು ಕಾರು

ಆಯುಧ ಪೂಜೆಯ ದಿನ ಮಸ್ಕಿಯಲ್ಲಿ ದಸ್ತಗೀರ್‌ಸಾಬರ ಗ್ಯಾರೇಜಿನ ಮುಂದೆ ನಿಲ್ಲುವ ಗಾಡಿಗಳ ಸಾಲು ಸಿಂಧನೂರು ರಸ್ತೆಯವರೆಗೂ ಹೋಗುತ್ತದೆ. ಆ ದಿನ ಅಲ್ಲಿ ಯಾರೂ ನಟ್ಟು ತಿರುಗಿಸುವುದಿಲ್ಲ. ನಟ್ಟು ಬಿಚ್ಚುವ ಪಾನಾಗಳನ್ನೆಲ್ಲ ತೊಳೆದು ಗೋಣಿಚೀಲದ ಮೇಲೆ ಜೋಡಿಸಿ, ದಸ್ತಗೀರ್‌ಸಾಬರೇ ಒಂದೊಂದರ ಮೇಲೂ ಚೆಂಡುಹೂ ಇಡುತ್ತಾರೆ. ಕಾಯಿ ಒಡೆದು ಆರತಿ ಬೆಳಗುವುದು ಮಾತ್ರ ವಿರೂಪಾಕ್ಷಪ್ಪ ತಾತನ ಕೆಲಸ. ಆಯುಷ್ಯವೆಲ್ಲ ಲಾರಿ ಓಡಿಸಿದ ಮುದುಕ. ಗಾಡಿಗಳ ವಿಷಯದಲ್ಲಿ ಅವರ ಮಾತೇ ಕೊನೆಯದು.

ನನ್ನಣ್ಣ ಸುನೀಲ ಮಸ್ಕಿಯಿಂದ ಸಿಂಧನೂರಿಗೆ ಟಂಟಂ ಆಟೋ ಓಡಿಸುತ್ತಾನೆ. ಹೋದ ವರ್ಷ ಅವನ ಮಗಳು ಅಂಬಿಕಾ ಆರತಿ ತಟ್ಟೆ ಹಿಡಿದು ಟ್ರ್ಯಾಕ್ಟರಿನಿಂದ ಹಿಡಿದು ಸೈಕಲ್ಲಿನವರೆಗೆ ತಾತನ ಹಿಂದೆ ನಡೆದಿದ್ದಳು. ಎಲ್ಲ ಮುಗಿದ ಮೇಲೆ ತಟ್ಟೆ ಕೆಳಗಿಟ್ಟು, “ನಂದೇನೂ ಇಲ್ಲಲ್ಲ ಅತ್ತಿ, ಪೂಜಿ ಮಾಡಾಕ” ಅಂದಳು. ಅತ್ತಿ ಅಂದರೆ ನಾನು. ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು.

ಈ ಸಲ ಹಬ್ಬಕ್ಕೆ ಮುಂಚೆ ಜಂಪರುಗಳ ಲೈನಿಂಗ್ ಬಟ್ಟೆ ತರಲು ಲಿಂಗಸುಗೂರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯವನು ಆಟಿಕೆಯ ಒಂದು ಕೆಂಪು ಕಾರನ್ನು ಬಿಚ್ಚಿ ಮನುಷ್ಯನನ್ನು ಮಾಡಿ, ಮತ್ತೆ ಮಡಚಿ ಕಾರು ಮಾಡಿ ತೋರಿಸುತ್ತಿದ್ದ. ನಾನು ಬಾಯಿಬಿಟ್ಟು ಏನೂ ಕೇಳಲಿಲ್ಲ. ಅವನ ಕೈಯನ್ನೇ ನೋಡುತ್ತ ನಿಂತೆ. ಎಂಟನೇ ತರಗತಿಗೆ ಶಾಲೆ ಬಿಟ್ಟ ಮೇಲೆ ಹೊಲಿಗೆಯನ್ನೂ ನಾನು ಹೀಗೆ ಕೈ ನೋಡಿಯೇ ಕಲಿತದ್ದು. ಅವನು ಮೂರನೇ ಸಲ ಮಡಚುವಷ್ಟರಲ್ಲಿ ನನಗೂ ಬಂತು. ಕೊಂಡುಬಿಟ್ಟೆ.

ಮನೆಗೆ ತಂದ ಮೇಲೆ ಅಂಬಿಕಾಗಿಂತ ನಾನೇ ಹೆಚ್ಚು ಆಡಿದೆ ಅನ್ನಬೇಕು. ಮಾಡಿದವನು ಯಾರೋ ಜಾಣ. ಡಿಕ್ಕಿ ಸೀಳಿದರೆ ಎರಡು ಕಾಲು. ಕಾಲಿನಲ್ಲೇ ಹಿಂದಿನ ಗಾಲಿ, ತೂಕವೂ ಅಲ್ಲೇ. ಅದಕ್ಕೆ ನಮ್ಮ ಅಂಗಳದ ಏರುತಗ್ಗಿನ ಪರಸಿಕಲ್ಲಿನ ಮೇಲೂ ಆ ಆಟಿಕೆಯ ಮನುಷ್ಯ ಬೀಳದೆ ನಿಲ್ಲುತ್ತಾನೆ. ಹಿಂದಕ್ಕೆ ಎಳೆದು ಬಿಟ್ಟರೆ ಕಾರು ಚುರ್ರನೆ ಓಡಿ ಮಡಚಿಟ್ಟ ಕೌದಿಯನ್ನೂ ಹತ್ತುತ್ತದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಕೈ ಭುಜಕ್ಕೆ ಸೇರುವ ಕೀಲು. ಗುಂಡು ಮಣಿಯನ್ನು ಬಟ್ಟಲಿನಲ್ಲಿ ಕೂರಿಸಿದಂತಿದೆ. ಜೋರಾಗಿ ಎಳೆದರೆ ಮುರಿಯುವುದಿಲ್ಲ, ಟಕ್ಕನೆ ಕಳಚಿ ಬರುತ್ತದೆ. ಒತ್ತಿದರೆ ಮತ್ತೆ ಕೂರುತ್ತದೆ. ಮಕ್ಕಳ ಕೈ ಗೊತ್ತಿದ್ದವನು ಮಾಡಿದ ಕೀಲು ಅದು.

ಆದರೆ ಆ ಜಾಣ ಬಿಚ್ಚುವುದನ್ನು ಯೋಚಿಸಿದಷ್ಟು ಮುಚ್ಚುವುದನ್ನು ಯೋಚಿಸಿಲ್ಲ. ಬಾನೆಟ್ಟಿನ ಕೆಳಗೆ ಬಲಗೈಯ ಮುಷ್ಟಿಗೆ ಜಾಗವೇ ಬಿಟ್ಟಿಲ್ಲ. ತೋಳಿಗೆ ಬಟ್ಟೆ ಬಿಡದೆ ಹೊಲಿದ ಜಂಪರಿನ ಹಾಗೆ. ಮುಷ್ಟಿಯನ್ನು ಒಳಮುಖವಾಗಿ ತಿರುಗಿಸಿದರೆ ಮಾತ್ರ ಅದು ಹೇಗೋ ನುಸುಳುತ್ತದೆ. ಡಬ್ಬಿಯ ಮೇಲೆ ಇದನ್ನೆಲ್ಲ ಬರೆದಿಲ್ಲ. ಇನ್ನೊಂದು, ಡಬ್ಬಿಯ ಚಿತ್ರದಲ್ಲಿ ಆ ಮನುಷ್ಯನ ಕೈಯಲ್ಲಿ ಕತ್ತಿ ಇತ್ತು, ಒಳಗೆ ಕತ್ತಿ ಇರಲಿಲ್ಲ. ಕತ್ತಿ ಸಿಕ್ಕಿಸುವ ತೂತು ಮಾತ್ರ ಮುಷ್ಟಿಯಲ್ಲಿ ಖಾಲಿ ಉಳಿದಿತ್ತು.

ಹಬ್ಬದ ಬೆಳಿಗ್ಗೆ ಸುನೀಲ ಟಂಟಂ ತೊಳೆಯುತ್ತ, “ನಿನ್ನ ಗಾಡೀನೂ ತೊಳಕೋ ಬೇ” ಅಂದ. ಹಿಂದಿನ ದಿನವೆಲ್ಲ ಅಂಬಿಕಾ ಅದನ್ನು ಎರೆಮಣ್ಣಿನಲ್ಲಿ ಓಡಿಸಿದ್ದಳು. ಈಗ ಬಕೆಟ್ಟಿನಲ್ಲಿ ಮುಳುಗಿಸಿ, ಮನುಷ್ಯನನ್ನು ಮಾಡಿ ಬಿಸಿಲಿಗೆ ಒಣಗಿಸಿದಳು. ನನ್ನ ಮಷೀನಿನ ದಾರದಲ್ಲಿ ಸಣ್ಣದೊಂದು ಹೂವಿನ ಮಾಲೆಯನ್ನೂ ಕಟ್ಟಿಕೊಂಡಳು. ಓಣಿಯಲ್ಲಿ ಸಿಕ್ಕವರಿಗೆಲ್ಲ, “ಇವತ್ತ ನನ್ನ ಕಾರಿನ ಪೂಜಿ ಐತಿ” ಎಂದು ಹೇಳುತ್ತ ಗ್ಯಾರೇಜಿಗೆ ಬಂದು ಸಾಲಿನ ಕೊನೆಗೆ ನಿಂತಳು.

ಅಲ್ಲಿ ಮಡಚಲು ಹೋದರೆ ಬಲಗೈ ಒಳಗೆ ಹೋಗಲೊಲ್ಲದು. ಎರೆಮಣ್ಣು ಮಣಿಕಟ್ಟಿನ ಸಂದಿನಲ್ಲಿ ಹೊಕ್ಕು, ನೀರಿಗೆ ಉಬ್ಬಿ, ಬಿಸಿಲಿಗೆ ಸಿಮೆಂಟಿನಂತೆ ಕೂತಿತ್ತು. ಮುಷ್ಟಿ ತಿರುಗುತ್ತಲೇ ಇರಲಿಲ್ಲ. ಕಾಲು ಡಿಕ್ಕಿಯಾಗಿತ್ತು, ಎದೆ ಇನ್ನೂ ಎದೆಯಾಗಿಯೇ ಇತ್ತು, ಕೈ ಆಕಾಶ ತೋರಿಸುತ್ತಿತ್ತು.

ಸುನೀಲ ತಿರುವಿ ನೋಡಿದ. ಆಗಲಿಲ್ಲ. ದಸ್ತಗೀರ್‌ಸಾಬರು ಕನ್ನಡಕ ಹಾಕಿಕೊಂಡು ಕೂತರು. “ಅಶೋಕ ಲೈಲ್ಯಾಂಡಿನ ಗೇರ್‌ಬಾಕ್ಸ್ ಬಿಚ್ಚಿ ಕೂಡ್ಸೀನಿ, ಇದ್ಯಾವ ಲೆಕ್ಕ” ಅಂದರು. ಸ್ವಲ್ಪ ಹೊತ್ತಿನ ಮೇಲೆ, “ಇದರ ಗೇರ್ ಎಲ್ಲೈತಲೇ ಸುನೀಲ?” ಅಂದರು.

ತಾತ ಹಾರ್ವೆಸ್ಟರ್ ಮುಗಿಸಿ ಟಂಟಂಗೆ ಬಂದಾಗ ಕೊನೆಯಲ್ಲಿದ್ದ ಗುಂಪು ಕಣ್ಣಿಗೆ ಬಿತ್ತು.

“ಏನದು? ಗಾಡಿನೋ, ಮನುಷ್ಯಾನೋ?”

“ಎರಡೂ, ತಾತ” ಅಂದಳು ಅಂಬಿಕಾ.

“ಎರಡೂ ಅಂದ್ರ ನಡಿಯಂಗಿಲ್ಲವ್ವ. ಗಾಡಿ ಆದ್ರ ಪೂಜಿ ಮಾಡ್ತೀನಿ. ಮನುಷ್ಯಾ ಆದ್ರ ಪ್ರಸಾದ ಕೊಡ್ತೀನಿ. ನಡುವ ನಿಂತೋರಿಗೆ ನನ್ನ ತಾವ ಏನೂ ಇಲ್ಲ.”

ಎಲ್ಲರೂ ನಕ್ಕರು. ಅಂಬಿಕಾ ನಗಲಿಲ್ಲ, ಅಳಲೂ ಇಲ್ಲ. ಮಾಲೆಯ ದಾರವನ್ನು ಬೆರಳಿಗೆ ಸುತ್ತುತ್ತಾ ಇದ್ದಳು.

“ಟಂಟಂದು, ಬೈಕಿಂದು ಮುಗ್ಸಿ ಬರ್ತೀನಿ. ಅಷ್ಟ್ರಾಗ ಒಂದು ಕಡಿ ಆಗಿರಲಿ” ಎಂದು ತಾತ ಮುಂದೆ ಹೋದರು.

ನಾನು ಹೆಂಗಸರ ಜೊತೆ ಬಾಳೆಕಂಬದ ಹಿಂದೆ ನಿಂತಿದ್ದೆ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಆದರೆ ಅಷ್ಟು ಗಂಡಸರ ನಡುವೆ ಹೋಗಿ ಹೇಳುವುದು ಹೇಗೆ? ಅಂಬಿಕಾಳ ಕಿವಿಯಲ್ಲಿ ಹೇಳೋಣವೆಂದರೆ ಅವಳು ಗುಂಪಿನ ಮಧ್ಯದಲ್ಲಿದ್ದಳು. ಅಷ್ಟರಲ್ಲಿ ದಸ್ತಗೀರ್‌ಸಾಬರು ಇಕ್ಕಳ ತಂದು ಆಟಿಕೆಯ ಕುತ್ತಿಗೆಗೆ ಹಾಕಿದರು. ಕುತ್ತಿಗೆಯ ತಗಡು ಕಾಗದದಷ್ಟು ತೆಳು.

“ಚಾಚಾ, ಕೈ ಕಿತ್ತಬಿಡ್ರಿ” ಅಂದೆ.

ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಎಲ್ಲರೂ ತಿರುಗಿದರು.

“ನಿನ್ನ ತಂಗಿ ವರ್ಷಕ್ಕೊಮ್ಮೆ ಮಾತಾಡ್ತಾಳ” ಅಂದರು ದಸ್ತಗೀರ್‌ಸಾಬರು ಸುನೀಲನಿಗೆ. “ಆಡಿದ್ರ ಇಂಥಾದ್ದು ಆಡ್ತಾಳ. ಹಬ್ಬದ ದಿನ ಕೈ ಕೀಳು ಅಂತಾಳ ನೋಡು.”

“ಮುರಿಯಂಗಿಲ್ರಿ. ಬಿಚ್ಚಿ ಬರ್ತದ.”

ಅಂಬಿಕಾ ಆಟಿಕೆಯನ್ನು ಅವರ ಕೈಯಿಂದ ತೆಗೆದು ಎದೆಗೊತ್ತಿಕೊಂಡಳು. ನನ್ನ ಮುಖ ನೋಡಿದಳು. “ಮತ್ತ ಹಚ್ತೀಯಾ ಅತ್ತಿ?”

“ಹಚ್ತೀನಿ.”

ಕೊಟ್ಟಳು. ಭುಜದ ಹತ್ತಿರ ಹಿಡಿದು ಎಳೆದೆ. ಟಕ್ ಎಂದು ಕೈ ಕಳಚಿತು. ತಲೆಯನ್ನು ಬಗ್ಗಿಸಿ, ಎಡಗೈ ಮಡಚಿ, ಬಾನೆಟ್ ಒತ್ತಿದೆ. ಕೂತಿತು. ನನ್ನ ಅಂಗೈಯಲ್ಲಿ ಕೆಂಪು ಕಾರು. ಆದರೆ ಬಲಗಡೆಯ ಬಾಗಿಲು ಆ ಕೈಗೇ ಅಂಟಿಕೊಂಡಿದ್ದು, ಈಗ ಅದೂ ನನ್ನ ಇನ್ನೊಂದು ಮುಷ್ಟಿಯಲ್ಲಿತ್ತು. ಇದು ನನಗೆ ಹೊಳೆದಿರಲಿಲ್ಲ.

ತಾತ ಆರತಿ ಹಿಡಿದು ಬಂದು ಬಗ್ಗಿ ನೋಡಿದರು. “ಬಾಗಲ ಎಲ್ಲವ್ವ?”

ನಾನು ಇನ್ನೊಂದು ಮುಷ್ಟಿ ಬಿಚ್ಚಿ ತೋರಿಸಿದೆ. ಅಂಬಿಕಾ ಕಾರಿನ ಆ ತೆರೆದ ಬದಿಗೆ ಅಂಗೈ ಅಡ್ಡ ಹಿಡಿದಳು.

ಸುನೀಲ ಅಂದ, “ನನ್ನ ಟಂಟಂಗೆ ಎಲ್ಲೈತಿ ತಾತ ಬಾಗಲ? ಈಗ ತಾನ ಅದಕ್ಕ ಕಾಯಿ ಒಡದು ಬಂದಿ.”

ತಾತ ಹಿಂತಿರುಗಿ ಟಂಟಂ ನೋಡಿದರು. ಮಾಲೆ ಹಾಕಿಕೊಂಡು, ಎರಡೂ ಕಡೆ ಬಟಾಬಯಲಾಗಿ ನಿಂತಿತ್ತು. ಗಡ್ಡ ಕೆರೆದುಕೊಂಡರು.

“ಹೌದಲ್ಲ” ಅಂದರು. “ಗಾಡೀನ ಐತಿ ಬಿಡು.”

ಕುಂಕುಮ ಹಚ್ಚಿದರು, ಮಾಲೆ ಹಾಕಿದರು, ಹಾರ್ವೆಸ್ಟರಿಗೆ ಬೆಳಗಿದಷ್ಟೇ ನಿಧಾನವಾಗಿ ಆರತಿ ಬೆಳಗಿದರು. ಗಾಲಿಗೆ ಇಡಬೇಕಾದ ನಿಂಬೆಹಣ್ಣು ಕಾರಿಗಿಂತ ಎತ್ತರವಿತ್ತು. ದಸ್ತಗೀರ್‌ಸಾಬರು ಟ್ರ್ಯಾಕ್ಟರ್ ಅಪ್ಪಚ್ಚಿ ಮಾಡಿದ್ದ ನಿಂಬೆಯಿಂದ ಒಂದು ಬೀಜ ಆರಿಸಿ ತಂದು ಗಾಲಿಯ ಮುಂದಿಟ್ಟರು. ಅಂಬಿಕಾ ಕಾರನ್ನು ಹಿಂದಕ್ಕೆಳೆದು ಬಿಟ್ಟಳು. ಅದು ಬೀಜವನ್ನು ಸಿಡಿಸಿ, ಪಾನಾಗಳ ಗೋಣಿಚೀಲ ಹತ್ತಿ ಇಳಿದು, ಸೀದಾ ತಾತನ ಹಿಮ್ಮಡಿಗೆ ಹೋಗಿ ಬಡಿಯಿತು.

“ಪಿಕಪ್ ಚಲೋ ಐತಿ” ಅಂದರು ತಾತ, ಕಾಲು ಎತ್ತಿ.

ಆಮೇಲೆ ಎಲ್ಲರಿಗೂ ಸಕ್ಕರೆ, ಕೊಬ್ಬರಿ ಹಂಚುತ್ತ ಬಂದರು. ಅಂಬಿಕಾ ನನ್ನ ಮುಂದೆ ಅಂಗೈ ಚಾಚಿದಳು. ಕಳಚಿದ ಆ ಕೈಯನ್ನು ಕೊಟ್ಟೆ. ಕಾರನ್ನು ಬಿಚ್ಚಿ, ಕೈಯನ್ನು ತಾನೇ ಟಕ್ಕನೆ ಕೂರಿಸಿ, ಮಾಲೆ ಹಾಕಿಕೊಂಡ ಆ ಮನುಷ್ಯನನ್ನು ತಾತನ ಮುಂದೆ ಎತ್ತಿ ಹಿಡಿದಳು.

“ಈಗ ಮನುಷ್ಯಾ ಆಗ್ಯಾನ ತಾತ. ಪ್ರಸಾದ ಕೊಡು.”

ತಾತ ಅತ್ತಿತ್ತ ನೋಡಿದರು. ದಸ್ತಗೀರ್‌ಸಾಬರು, “ನೀವ ಹೇಳೀರಿ, ನಾನೂ ಕೇಳೀನಿ” ಅಂದರು.

ತಾತ ಸಕ್ಕರೆ ಚಿಟಿಕೆ ಹಿಡಿದು ಎಲ್ಲಿ ಹಾಕಲೆಂದು ಆ ಮುಚ್ಚಿದ ಮುಷ್ಟಿಯನ್ನು ತಿರುಗಿಸಿ ನೋಡಿದರು. ಕತ್ತಿಯ ತೂತು ಕಣ್ಣಿಗೆ ಬಿತ್ತು. ಸಕ್ಕರೆ ಬಿಟ್ಟು, ಕೊಬ್ಬರಿಯ ಉದ್ದನೆಯ ಚೂರೊಂದನ್ನು ಆರಿಸಿ ಅದರಲ್ಲಿ ಸಿಕ್ಕಿಸಿದರು. ಅಳತೆ ತೆಗೆದು ಕೊಯ್ದಂತೆ ಕೂತಿತು. ಬಿಳಿ ಕತ್ತಿ ಹಿಡಿದು ಅವನು ಬಾಳೆಕಂಬದ ನೆರಳಿನಲ್ಲಿ ನಿಂತ.

ಎಲ್ಲರೂ ಬಗ್ಗಿ ಬಗ್ಗಿ ನೋಡಿ ಹೋದ ಮೇಲೆ ಅಂಬಿಕಾ ಆ ಕತ್ತಿಯನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಅಗಿಯುತ್ತಲೇ ಅವನ ಕೈಯನ್ನು ಮತ್ತೆ ತಾತನ ಮುಂದೆ ಚಾಚಿದಳು.

“ಇವಂದು ಖಾಲಿ ಆತು, ತಾತ.”