ದೈವದ ಎದುರು ಕೊಟ್ಟ ಮಾತು

ಹಸಿರಾದದ್ದು ಆರೇಳು ದಿನದ ಹಿಂದಿನದು, ನೇರಳೆ ಇದ್ದದ್ದು ಒಂದು ದಿನದ್ದು, ಚರ್ಮದಡಿ ಸೋರಿದ ರಕ್ತ ಒಡೆಯುತ್ತ ಒಡೆಯುತ್ತ ಹೀಗೆಯೇ ಬಣ್ಣ ಬದಲಿಸುತ್ತದೆ, ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಕಮಲಾವತಿಗೆ ಅದು ಗೊತ್ತು, ಮಹಿಳಾ ಮಂಡಲದ ಕೋಣೆಯಲ್ಲಿ ಅವಳ ಎದುರಿನ ಬೆಂಚಿನಲ್ಲಿ ಕೂತ ಮೋಕ್ಷಿತಾಳ ಮಣಿಕಟ್ಟಿನಲ್ಲಿ ಎರಡೂ ಬಣ್ಣಗಳಿವೆ, ಅಂದರೆ ಎರಡು ಸಲ, ಕಡಿಮೆಯೆಂದರೆ ಎರಡು ಸಲ — ಟೀಚರೇ, ಚಾ ಆರ್ತದೆ ಎನ್ನುತ್ತಾರೆ ಗುರುವಪ್ಪ, ಹುಡುಗಿಯ ಗಂಡ ಸುಜಯನ ಸೋದರಮಾವ, ಕರೆದುಕೊಂಡು ಬಂದವರೂ ಅವರೇ, ಮೇಜಿನ ಮೇಲೆ ಒಂದು ಕಾಗದ ಇಟ್ಟಿದ್ದಾರೆ, ರಾಜಿ ಪತ್ರ, ಗಂಡ ಹೆಂಡತಿ ಮಾತಾಡಿ ಸರಿಯಾಗಿದ್ದಾರೆ ಟೀಚರೇ, ನಿಮ್ಮದೊಂದು ಸೈನು, ಮಹಿಳಾ ಮಂಡಲದ ಸೀಲು, ಅದು ಕಂಡ್ರೆ ಇವಳ ತವರಿನವರಿಗೂ ಸಮಾಧಾನ. ಎಷ್ಟು ಮೆತ್ತಗೆ ಹೇಳುತ್ತಾರೆ, ಎಂಬತ್ತೇಳರಲ್ಲಿ ಅವಳು ಮಂಡಲ ಕಟ್ಟಿದಾಗ ಇದೇ ಗಂಟಲು ಕಡಬದ ಪೇಟೆಯಲ್ಲಿ ಕೂಗಿತ್ತಲ್ಲ, ಗಂಡ ಬಿಟ್ಟವರ ಮಂಡಲ ಶುರುವಾಗಿದೆ ಮಾರಾಯ್ರೆ, ನಿಮ್ಮ ನಿಮ್ಮ ಹೆಂಡತಿಯರನ್ನು ಕಟ್ಟಿಹಾಕಿ — ಜನ ನಕ್ಕಿದ್ದರು, ಬಸ್ಸಿನ ಕಿಟಕಿಯಲ್ಲಿ ಕೂತವರೂ ನಕ್ಕಿದ್ದರು, ಕರಪತ್ರ ಹಂಚಿದ್ದಕ್ಕೆ ಮೊದಲ ಸಭೆಗೆ ಹನ್ನೆರಡು ಹೆಂಗಸರು, ಈ ಕೂಗಿನ ಮೇಲೆ ಎರಡನೆಯದಕ್ಕೆ ಐದೇ ಮಂದಿ, ಮನೆಗೆ ಬಂದರೆ ಗಂಡ ಶೀನಪ್ಪ, ಎಂತ ಮಾರಾಯ್ತಿ, ಊರಿನ ಹೆಂಗಸರನ್ನೆಲ್ಲ ಸರಿ ಮಾಡಿ ಆಯ್ತಾ, ಇನ್ನು ಗಂಜಿಗೆ ಉಪ್ಪು ಹಾಕ್ಲಿಕ್ಕೆ ಪುರ್ಸೊತ್ತು ಉಂಟಾ. ಆ ವಿರೋಧ ಕಣ್ಣಿಗೆ ಕಾಣುತ್ತಿತ್ತು, ಎದುರು ನಿಂತು ಉತ್ತರ ಕೊಡಬಹುದಿತ್ತು. ಕಳೆದ ಮಾರ್ಚ್ ಎಂಟಕ್ಕೆ ಮಹಿಳಾ ಚಳವಳಿಯ ಹಿರಿಯ ಜೀವ ಎಂದು ಶಾಲು ಹೊದೆಸಿದ್ದು ಇದೇ ಗುರುವಪ್ಪ, ಅವಳು ಹೊದೆಸಿಕೊಂಡಳು, ನಗುತ್ತ, ಫೋಟೋಕ್ಕೆ ನಿಂತಳು.

ತೊಂಬತ್ನಾಲ್ಕನೆಯ ಇಸವಿ. ಇಚಿಲಂಪಾಡಿಯ ಈಶ್ವರಿ, ಬೆನ್ನಲ್ಲಿ ಗಂಡನ ಬೆಲ್ಟಿನ ಬರೆ, ಸೊಂಟದಲ್ಲಿ ಮಗು, ಅರ್ಜಿ ಬರೆದು ಮುಗಿದಿತ್ತು, ಪುತ್ತೂರಿನ ವಕೀಲರ ಹತ್ತಿರ ಮಾತೂ ಆಗಿತ್ತು, ಆಗ ಬಂದವರೂ ಗುರುವಪ್ಪ, ಸ್ಟೇಷನು ಎಂತಕ್ಕೆ ಟೀಚರೇ, ದೈವದ ಎದುರು ಮಾತು ಕೊಡಿಸುವ, ಅಲ್ಲಿ ಕೊಟ್ಟ ಮಾತು ಯಾರು ಮೀರ್ತಾರೆ ಈ ಊರಲ್ಲಿ — ಅವರು ಸುಳ್ಳು ಹೇಳಲಿಲ್ಲ, ನಿಜವಾಗಿ ನಂಬಿದ್ದರು. ಕಮಲಾವತಿ ನಂಬಿರಲಿಲ್ಲ, ಲೆಕ್ಕ ಹಾಕಿದ್ದಳು, ನಾನು ನಂಬದಿದ್ದರೇನು, ಅವನು ನಂಬುತ್ತಾನಲ್ಲ, ಹೆದರುತ್ತಾನಲ್ಲ, ಕೋರ್ಟಿಗೆ ಹತ್ತು ವರ್ಷ, ಇದಕ್ಕೆ ಒಂದು ಬೆಳಿಗ್ಗೆ. ಬೀಡಿ ಕಟ್ಟುವ ರಹ್ಮತ್ ಒಬ್ಬಳೇ ಬೇಡವೆಂದಳು, ಎರಡನೆಯ ಸಭೆಗೂ ಬಂದ ಐವರಲ್ಲಿ ಉಳಿದವಳು, ಟೀಚರೇ, ಅರ್ಜಿಯೇ ಕೊಡುವ, ದೈವಕ್ಕೆ ಹೆದರುದು ಇವಳು, ಅವನಲ್ಲ. ನೀನು ಸುಮ್ಮನಿರು ರಹ್ಮತ್, ನಮ್ಮ ದೈವದ ವಿಷಯ ನಿನಗೆ ಗೊತ್ತಾಗ್ಲಿಕ್ಕಿಲ್ಲ — ಹೇಳಿದ್ದು ಯಾರು, ಈ ಬಾಯಿಯೇ, ರಹ್ಮತ್ ಬೀಡಿಯ ಮೊರ ಎತ್ತಿಕೊಂಡು ಹೊರಗಿನ ಜಗಲಿಗೆ ಹೋಗಿ ಕೂತಳು. ಅವನು ಗುಡಿಯ ಎದುರು ಕೈ ಮುಗಿದ, ಇನ್ನು ಇವಳ ಮೈ ಮುಟ್ಟುದಿಲ್ಲ ಎಂದ, ಈಶ್ವರಿ ಅವನ ಹಿಂದೆ ನಡೆದು ಹೋದಳು, ಹತ್ತು ಹೆಜ್ಜೆ ಹಿಂದೆ. ಎರಡು ವಾರದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ರಹ್ಮತ್ ಅವಳ ಒಡೆದ ತುಟಿ ನೋಡಿ ಕೇಳಿದ್ದಳಂತೆ, ಎಂತ ಆಯ್ತು ಈಶ್ವರಿ, ಎಂತ ಇಲ್ಲ ಅಕ್ಕ, ಟೀಚರ್ ಹತ್ರ ಹೇಳ್ಬೇಡಿ, ಮಾತು ತಪ್ಪಿದ್ದು ಹೊರಗೆ ಬಂದ್ರೆ ದೈವದ ಸಿಟ್ಟು ಮನೆಗೆ, ನನ್ನ ಮಗುವಿಗೆ ತಾಗ್ತದೆ. ಮಾತಿನ ಕಟ್ಟು ಬಿದ್ದದ್ದು ಇವಳಿಗೆ, ಅವನಿಗಲ್ಲ. ಹದಿನೆಂಟನೆಯ ದಿನ ಬಾವಿ. ಕಾಲು ಜಾರಿ, ಎಂದು ಪೊಲೀಸರು ಬರೆದರು.

ಸೈನು ಮಾಡಿ ಟೀಚರೇ. ಇಲ್ಲ ಎನ್ನುತ್ತಾಳೆ ಕಮಲಾವತಿ, ತಾನೇ ಬೆಚ್ಚುವಷ್ಟು ಗಟ್ಟಿಯಾಗಿ, ರಾಜಿ ಪತ್ರವನ್ನು ತಿರುಗಿಸಿ ಅದರ ಬಿಳಿ ಬೆನ್ನನ್ನು ಮೋಕ್ಷಿತಾಳ ಎದುರಿಗೆ ತಳ್ಳುತ್ತಾಳೆ, ಪೆನ್ನು ಕೊಡುತ್ತಾಳೆ, ಅರ್ಜಿ ಬರಿ ಮಗಾ, ನಾನೇ ಸ್ಟೇಷನಿಗೆ ಬರ್ತೇನೆ. ಗುರುವಪ್ಪ ಸಿಟ್ಟಾಗಬೇಕಿತ್ತು, ಆಗುವುದಿಲ್ಲ, ಇದೆಂತ ಟೀಚರೇ, ಅವತ್ತು ನೀವೇ ಒಪ್ಪಿ ಮಾಡಿಸಿದ ಕ್ರಮ ಅಲ್ಲವಾ, ಆಮೇಲೆ ಈ ಊರಲ್ಲಿ ಎಷ್ಟು ಸಂಸಾರ ಹೀಗೇ ಸರಿ ಮಾಡಿದ್ದೇವೆ, ಕಮಲಾವತಿ ಟೀಚರೇ ಒಪ್ಪಿದ್ದಾರೆ ಅಂದ್ರೆ ಹೆಂಗಸರು ಎರಡು ಮಾತು ಆಡುದಿಲ್ಲ. ಎಷ್ಟು ಸಂಸಾರ, ಎಷ್ಟು, ಅವಳ ಹೆಸರಿನಲ್ಲಿ, ಅವಳಿಗೆ ಗೊತ್ತಿಲ್ಲದೆ. ಮೋಕ್ಷಿತಾ ದಿನಾಂಕ ಬರೆಯುತ್ತಾಳೆ, ಇವರಿಗೆ ಎಂದು ಬರೆಯುತ್ತಾಳೆ, ಪೆನ್ನು ಕೆಳಗಿಡುತ್ತಾಳೆ. ಆಗುದಿಲ್ಲ ಟೀಚರೇ. ನಿನ್ನೆ ಸಂಕ್ರಾಂತಿ ಅಲ್ಲವಾ, ಬೆಳಿಗ್ಗೆಯೇ ಗುಡಿಗೆ ಕರ್ಕೊಂಡು ಹೋಗಿದ್ರು, ಅವರು ಹೊಡಿಯುದಿಲ್ಲ ಅಂತ ಮಾತು ಕೊಟ್ರು, ನನ್ನ ಹತ್ರವೂ ಕೊಡಿಸಿದ್ರು, ಸ್ಟೇಷನಿಗೆ ಹೋಗುದಿಲ್ಲ ಅಂತ. ಈಗ ಬರೆದ್ರೆ, ಹೊಟ್ಟೆಯಲ್ಲಿ ಇರುದಕ್ಕೆ ಎಂತಾದ್ರೂ ಆದ್ರೆ. ಮಾತು ನಿನ್ನೆ ಬೆಳಿಗ್ಗೆಯದು, ಮಣಿಕಟ್ಟಿನ ನೇರಳೆಗೂ ಒಂದೇ ದಿನ, ಬಿಎಸ್ಸಿ ಓದಿದ ಹುಡುಗಿ, ಏನೂ ಆಗುವುದಿಲ್ಲ ಎನ್ನಬೇಕು, ಈಗಲೇ ಎನ್ನಬೇಕು, ಹುಡುಗಿಯ ಕೈ ಚೂಡಿದಾರದ ಶಾಲಿನ ತುದಿಗೆ ಹೋಗುತ್ತದೆ, ತುದಿಯಲ್ಲಿ ಒಂದು ಗಂಟು, ಗಂಟಿನಿಂದ ಬಾಳೆಲೆಯ ಚೂರು ಇಣುಕುತ್ತಿದೆ, ಒಳಗೆ ಗಂಧಪ್ರಸಾದ — ಬಾವಿಯಿಂದ ಎತ್ತಿ ಮಲಗಿಸಿದಾಗ ಈಶ್ವರಿಯ ಸೆರಗಿನಲ್ಲೂ ಇತ್ತು, ಇಷ್ಟೇ ದೊಡ್ಡದು, ಅದನ್ನೇಕೆ ಬಿಚ್ಚಬೇಕೆನಿಸಿತೋ, ಕಮಲಾವತಿ ಉಗುರು ಹಾಕಿದಳು, ಹಲ್ಲು ಹಾಕಿದಳು, ನೀರು ಕುಡಿದು ಬಿಗಿದಿತ್ತು, ಕೊನೆಗೆ ರಹ್ಮತ್ ಬೀಡಿ ಎಲೆಯ ಕತ್ತರಿ ತಂದಳು, ಕತ್ತರಿಸಬೇಕಾಯಿತು, ಬಿಚ್ಚಲು ಬರಲಿಲ್ಲ, ಒದ್ದೆ ಸೆರಗು, ಸೆರಗಿನ ತುದಿಯಲ್ಲಿ ಆ ಗಂಟು, ಬಿಚ್ಚಲು ಬರಲಿಲ್ಲ, ಆ ಗಂಟು —