ಹಗ್ಗ ಹಿಡಿದವನ ತಪ್ಪು

ಸಹಿ ಹಾಕಿ ಕಳಿಸಿದರೆ ನಾಲ್ಕೈದು ದಿನದಲ್ಲಿ ಹೆಣ ಬರುತ್ತದೆ, ಇಲ್ಲದಿದ್ದರೆ ವಿಚಾರಣೆ ಮುಗಿಯುವವರೆಗೂ ಅಲ್ಲೇ ಇರುತ್ತದೆ ಎಂದು ಹಡಗು ಕಂಪನಿಯ ಏಜೆಂಟ್ ಫೋನಿನಲ್ಲಿ ಹೇಳಿದ್ದ. ವಿಚಾರಣೆ ಎಷ್ಟು ದಿನ ಎಂದು ಕೇಳಿದ್ದಕ್ಕೆ, ಆರು ತಿಂಗಳೂ ಆಗಬಹುದು ಎಂದ. ಗುಬ್ಬಿ ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಫ್ಯಾಕ್ಸಿನಲ್ಲಿ ಬಂದ ಹಾಳೆಯನ್ನು ಫಿಜಾ ತಂದು ಅಪ್ಪ ನೂರ್ ಅಹಮದನ ಮುಂದೆ ಓದಿದಳು. ಕಾಲುವೆಯ ಲಾಕಿನಲ್ಲಿ ಹಡಗು ಮೇಲೇರುತ್ತಿದ್ದಾಗ ಹಗ್ಗದ ಕೆಲಸದಲ್ಲಿದ್ದ ಅಕೀಬ್ ತನ್ನ ಸ್ವಂತ ಅಜಾಗರೂಕತೆಯಿಂದ ಸತ್ತಿದ್ದಾನೆ, ಇದನ್ನು ಕುಟುಂಬದವರು ಒಪ್ಪಿದ್ದೇವೆ. ಇಷ್ಟೇ. ಕೆಳಗೆ ಸಹಿಗೆ ಒಂದು ಗೆರೆ.

ನೂರ್ ಅಹಮದ್ ಸಹಿ ಹಾಕಲಿಲ್ಲ. ಅವನೂ ಮೂಡಲಗಿರಿಯಪ್ಪನೂ ಇಪ್ಪತ್ತು ವರ್ಷದಿಂದ ಕೊಳವೆಬಾವಿಯ ಮೋಟಾರ್ ಎತ್ತುವವರು. ಬಿದರೆಹಳ್ಳಿ ಕಾವಲಿನಿಂದ ಕುಣಿಗಲ್ಲಿನವರೆಗೆ ಅವರ ಕಬ್ಬಿಣದ ಮುಕ್ಕಾಲಿ ನಿಲ್ಲದ ಹೊಲವಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಅಕೀಬ್ ಮೂರು ವರ್ಷ ಅವರ ಜೊತೆಗೇ ಹಗ್ಗ ಎಳೆದು, ಆಮೇಲೆ ಮುಂಬೈಗೆ ಹೋಗಿ ಹಡಗು ಹತ್ತಿದ್ದ. ಹಗ್ಗ ಹಿಡಿಯುವುದರಲ್ಲಿ ನನ್ನ ಮಗ ತಪ್ಪುವವನಲ್ಲ ಎಂದು ನೂರ್ ಅಹಮದ್ ಮನೆಗೆ ಬಂದವರಿಗೆಲ್ಲ ಹೇಳಿದ. ಕೂಲಿಯವನು ಸತ್ತಾಗ ತಪ್ಪು ನಮ್ಮದು ಎಂದು ಯಾವ ಕಂಪನಿ ಇದುವರೆಗೆ ಬರೆದುಕೊಟ್ಟಿದೆ? ಸತ್ತವನು ಎದ್ದು ಬಂದು ಜಗಳ ಆಡುವುದಿಲ್ಲ ಎಂಬ ಧೈರ್ಯ ಅವರಿಗೆ.

ಹೆಂಡತಿ ರಹಿಮಾ ಬೀ ಯಾರ ತಪ್ಪು ಎಂದು ಕೇಳಲಿಲ್ಲ. ಸತ್ತವರನ್ನು ಹೀಗೆ ಕಾಯಿಸಬಾರದು, ಮಣ್ಣಿಗೆ ಬೇಗ ಸೇರಿಸಬೇಕು, ಒಂದು ಸಲ ಮುಖ ನೋಡಬೇಕು ಎಂದಷ್ಟೇ ಅಂದು ಗೋಡೆಗೆ ತಿರುಗಿ ಕೂತಳು. ಎರಡು ದಿನ ಕೊಡು, ಏನಾಯಿತೆಂದು ತಿಳಿದು ಸಹಿ ಹಾಕುತ್ತೇನೆ ಎಂದ ನೂರ್ ಅಹಮದ್.

ತಿಳಿಯಲು ಇದ್ದದ್ದು ಹಿಂದಿನ ವರ್ಷ ಅಕೀಬ್ ಬರೆದ ಕಾಗದ. ಅದರಲ್ಲಿ ಅವನೇ ಬಿಡಿಸಿದ ಲಾಕಿನ ಚಿತ್ರವಿತ್ತು. ಕಾಲುವೆ ಒಂದು ಕಡೆ ತಗ್ಗಿನಲ್ಲಿ, ಇನ್ನೊಂದು ಕಡೆ ಎತ್ತರದಲ್ಲಿ. ನಡುವೆ ಎರಡು ದೊಡ್ಡ ಬಾಗಿಲಿನ ಒಂದು ಕಾಂಕ್ರೀಟು ಕೋಣೆ. ನಮ್ಮ ಬಸ್ ಸ್ಟ್ಯಾಂಡಿಗಿಂತ ಉದ್ದದ ಹಡಗು ತಗ್ಗಿನ ಕಡೆಯಿಂದ ಒಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತಾರೆ. ಎತ್ತರದ ನೀರನ್ನು ತೂಬಿನಿಂದ ಕೋಣೆಗೆ ಬಿಡುತ್ತಾರೆ. ಕೋಣೆ ತುಂಬಿದಷ್ಟೂ ಹಡಗು ಮೇಲೇಳುತ್ತದೆ. ಮಟ್ಟ ಸರಿಹೋದ ಮೇಲೆ ಮುಂದಿನ ಬಾಗಿಲು ತೆಗೆದರೆ ಹಡಗು ಮುಂದಕ್ಕೆ. ಇಳಿಯುವುದಾದರೆ ಇದೇ ಕೆಲಸ ತಿರುವುಮುರುವು, ಕೋಣೆಯ ನೀರನ್ನು ತಗ್ಗಿಗೆ ಬಿಡುವುದು. ಹಡಗು ಅಲ್ಲಾಡದಂತೆ ಗೋಡೆಗೆ ಕಟ್ಟಿದ ಹಗ್ಗ ನಮ್ಮ ಕೈಯಲ್ಲಿರುತ್ತದೆ, ಮೇಲೇಳುವಾಗ ಸಡಿಲವಾದಷ್ಟನ್ನೂ ಎಳೆದುಕೊಳ್ಳುತ್ತಿರಬೇಕು ಎಂದು ಬರೆದಿದ್ದ. ಮೋಟಾರೇ ಇಲ್ಲದೆ ಊರಗಲದ ಹಡಗು ಎತ್ತುತ್ತಾರೆಂದು ಕೇಳಿ ಅವತ್ತು ಮೂಡಲಗಿರಿಯಪ್ಪ, ಇದು ಗೊತ್ತಾದರೆ ನಮ್ಮಿಬ್ಬರ ಹೊಟ್ಟೆಪಾಡು ಹೋಯ್ತು ಎಂದು ನಕ್ಕಿದ್ದ.

ಮೋಟಾರ್ ಟೆಸ್ಟ್ ಮಾಡುವ ಸಿಮೆಂಟ್ ತೊಟ್ಟಿಯಲ್ಲೇ ಇಬ್ಬರೂ ಅಂಥದೊಂದು ಲಾಕ್ ಕಟ್ಟಿದರು. ಎರಡು ತಗಡು ಅಡ್ಡ ನಿಲ್ಲಿಸಿ, ಅಂಚಿಗೆ ಹಳೆಯ ಟ್ಯೂಬಿನ ರಬ್ಬರ್ ಕೊಟ್ಟು, ಮೇಲಿನ ನೀರಿಗೂ ನಡುವಿನ ಕೋಣೆಗೂ ಒಂದು ಪೈಪು, ಪೈಪಿಗೊಂದು ವಾಲ್ವ್. ಕತ್ತರಿಸಿದ ಎಣ್ಣೆ ಡಬ್ಬಿಯೇ ಹಡಗು, ಹೊಟ್ಟೆ ತುಂಬ ಬೋಲ್ಟು. ಗೋಡೆಯ ಮೊಳೆಗೆ ಕಟ್ಟಿದ ದಾರ ಡಬ್ಬಿಯ ಅಂಚಿನ ತೂತಿನಲ್ಲಿ ಹಾದು ನೂರ್ ಅಹಮದನ ಕೈಗೆ ಬಂತು. ಅಕೀಬ್ ನಿಂತಿದ್ದ ಜಾಗದಲ್ಲಿ ಈಗ ಅವನ ಕೈ.

ಮೊದಲು ಮೂಡಲಗಿರಿಯಪ್ಪ ವಾಲ್ವನ್ನು ಕಾಲು ಸುತ್ತು ತಿರುಗಿಸಿದ. ಡಬ್ಬಿ ಅಲುಗದೆ ಮೇಲೆದ್ದಿತು. ಸಡಿಲವಾದ ದಾರವನ್ನು ನೂರ್ ಅಹಮದ್ ಎಳೆದುಕೊಳ್ಳುತ್ತ ಹೋದ. ಇದರಲ್ಲಿ ಸಾಯುವುದೇನಿದೆ ಎಂದು ಫಿಜಾಳತ್ತ ನೋಡಿದ. ನೀರು ಖಾಲಿ ಮಾಡಿ ಎರಡನೆಯ ಸಲ ವಾಲ್ವನ್ನು ಒಂದೇ ಏಟಿಗೆ ಪೂರ್ತಿ ಬಿಟ್ಟರು. ನುಗ್ಗಿದ ನೀರು ಡಬ್ಬಿಯನ್ನು ಹಿಂದಕ್ಕೆ ತಳ್ಳಿತು. ದಾರ ಜಗ್ಗಿತು.

"ನೂರಣ್ಣ, ಬೆರಳು ನೀಲಿ ಆಯ್ತೈತೆ, ಬುಡು," ಎಂದ ಮೂಡಲಗಿರಿಯಪ್ಪ.

ನೂರ್ ಅಹಮದ್ ನೋಡಿಕೊಂಡ. ದಾರ ಅವನ ತೋರುಬೆರಳಿಗೆ ಎರಡು ಸುತ್ತು ಸುತ್ತಿತ್ತು. ಯಾವಾಗ ಸುತ್ತಿಕೊಂಡನೋ ಅವನಿಗೇ ಗೊತ್ತಿರಲಿಲ್ಲ. ಕೊಳವೆಬಾವಿಯ ಕೆಲಸದ ಮೊದಲ ಪಾಠವೇ ಅದು. ಪೈಪು ಕಚ್ಚಿ ಹಿಡಿದ ಕ್ಲ್ಯಾಂಪ್ ಜಾರಿದರೆ ಪೈಪು ಮೋಟಾರು ಎಲ್ಲ ಆರುನೂರು ಅಡಿ ಕೆಳಕ್ಕೆ ಹೋಗುತ್ತದೆ. ಅದಕ್ಕೇ ಹಗ್ಗ ಸಡಿಲ ಬಂದಾಗೆಲ್ಲ ಕೈಗೆ ಸುತ್ತಿಕೊಳ್ಳಬೇಕು.

"ಅವ್ನೂ ಹಿಂಗೇ ಸುತ್ಕೊಂಡವ್ನೆ ಕಣೋ ಗಿರಿಯಪ್ಪ," ಎಂದ. "ಹಡಗು ಎಳ್ಕೊಂಡೋಗೈತೆ. ಸುತ್ಕೊ ಅಂತ ಹೇಳ್ಕೊಟ್ಟೋನು ನಾನು."

ಫಿಜಾ ಮೂಡಲಗಿರಿಯಪ್ಪನ ಕಡೆ ತಿರುಗಿದಳು. "ಮಾಮ, ನೀವಾದ್ರೂ ಹೇಳಿ. ಸುತ್ಕೊಂಡಿದ್ದ ಅಂತ ಆ ಪೇಪರಲ್ಲಿ ಎಲ್ಲೂ ಇಲ್ಲ. ಹಗ್ಗ ಹರಿದು ಹೊಡೆದ್ರೂ ಜೀವ ಹೋಗುತ್ತೆ. ನೀರು ಒಂದೇ ಸಲ ಬಿಟ್ಟೋರು ಯಾರು? ಹಳೇ ಹಗ್ಗ ಕೊಟ್ಟೋರು ಯಾರು?"

ಹೆಣ ನೋಡದೆ ಏನೂ ಹೇಳಲಾಗದು, ಆದರೆ ಇವತ್ತು ಸಹಿ ಬೇಡ ಎಂದು ಮೂಡಲಗಿರಿಯಪ್ಪ ಗೆಳೆಯನ ಕೈ ಹಿಡಿದುಕೊಂಡ. ನೂರ್ ಅಹಮದ್ ಕೈ ಬಿಡಿಸಿಕೊಂಡು ನೇರ ಬೂತಿಗೆ ನಡೆದ. ಏಜೆಂಟನಿಗೆ ಫೋನು ಮಾಡಿ, ಅಜಾಗರೂಕತೆ ಮಗನದಲ್ಲ, ಕಲಿಸಿದ ಅಪ್ಪನದು, ಅವನ ಹೆಸರು ತೆಗೆದು ನನ್ನ ಹೆಸರು ಬರೆಯಿರಿ ಎಂದು ಬೇಡಿಕೊಂಡ. ಫಾರಮಿನಲ್ಲಿ ಅದಕ್ಕೆಲ್ಲ ಜಾಗವಿಲ್ಲ, ಇರುವುದಕ್ಕೆ ಸಹಿ ಮಾಡಿ ಎಂದು ಉತ್ತರ ಬಂತು. ಬೂತಿನ ಗಾಜಿನ ಮೇಲೆ ಹಾಳೆ ಇಟ್ಟು ಸಹಿ ಮಾಡಿದ. ಫ್ಯಾಕ್ಸ್ ಅದನ್ನು ನಿಧಾನಕ್ಕೆ ಎಳೆದುಕೊಂಡಿತು.

ಐದನೆಯ ದಿನ ಪೆಟ್ಟಿಗೆ ಬಂತು. ರಹಿಮಾ ಬೀ ಮುಖ ನೋಡಿ, ಹಣೆಯ ಮೇಲಿನ ಕೂದಲು ಸರಿಸಿದಳು. ಹೆಣ ತೊಳೆಯಲು ಮಸೀದಿಯಿಂದ ಬಂದ ಇಬ್ಬರು ಹಿರಿಯರ ಜೊತೆ ಅಪ್ಪನೂ ನಿಂತ. ಬಲಗಡೆಯಿಂದ ಶುರು ಮಾಡುವುದು ಪದ್ಧತಿ. ಬಲಗೈ ಎತ್ತಿಕೊಳ್ಳುವ ಮುಂಚೆ ನೂರ್ ಅಹಮದ್ ಕಣ್ಣು ಮುಚ್ಚಿಕೊಂಡ. ತೆರೆದಾಗ ಮಣಿಕಟ್ಟಿನ ಮೇಲೆ ಒಂದು ಗೀರೂ ಇರಲಿಲ್ಲ. ಬೆರಳುಗಳು ಸ್ವಚ್ಛ. ಎಡಗೈಯೂ ಹಾಗೆಯೇ. ಹಿರಿಯರು ಎದೆಯ ಬಟ್ಟೆ ಸರಿಸಿದರು. ಭುಜದಿಂದ ಪಕ್ಕೆಲುಬಿನವರೆಗೆ ಅಂಗೈ ಅಗಲದ ಕಪ್ಪು ಪಟ್ಟಿ, ಅದರೊಳಗೆ ಹಗ್ಗದ ಹುರಿ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಅಚ್ಚೊತ್ತಿತ್ತು. ಹಗ್ಗ ಹರಿದು ಹೊಡೆದಿತ್ತು. ಅಪ್ಪ ಕಲಿಸಿದ್ದನ್ನು ಅಕೀಬ್ ಎಂದೋ ಬಿಟ್ಟಿದ್ದ. ಹಡಗಿನವರು ಹೇಳಿದ ಹಾಗೇ ಹಿಡಿದು, ತಪ್ಪಿಲ್ಲದೆ ಸತ್ತಿದ್ದ.

ನೂರ್ ಅಹಮದ್ ಪರದೆಯ ಆಚೆಗಿದ್ದ ಫಿಜಾಳನ್ನು ಕರೆದು ಕಂಡದ್ದನ್ನು ಹೇಳಿದ. ಮಧ್ಯಾಹ್ನದ ನಮಾಜ್ ಆದ ಕೂಡಲೇ ಗಂಡಸರು ಹೆಗಲು ಕೊಟ್ಟು ಹೊರಟರು. ಕಬರಸ್ತಾನಕ್ಕೆ ಹೆಂಗಸರು ಹೋಗುವಂತಿಲ್ಲ. ಫಿಜಾ ಬೂತಿಗೆ ಓಡಿದಳು.

"ನಿಮ್ಮ ಫಾದರ್ರೇ ಒಪ್ಪಿ ಸೈನ್ ಮಾಡಿದಾರಲ್ಲಮ್ಮ," ಎಂದ ಏಜೆಂಟ್.

"ನಮ್ಮಪ್ಪ ಒಪ್ಕೊಂಡಿದ್ದು ಅವ್ರ ತಪ್ಪನ್ನ. ನಮ್ಮಣ್ಣನ ಎದೆ ಮೇಲೆ ನಿಮ್ಮ ಹಗ್ಗದ ಗುರ್ತಿದೆ, ಕೈ ಮೇಲಿಲ್ಲ."

ಅವನು, "ಫೋಟೋ ಇದ್ಯಾ?" ಎಂದ.

ಫಿಜಾ ಫೋನು ಇಟ್ಟು ಬೀದಿಗೆ ಬಿದ್ದಳು. ಪಕ್ಕದ ಸ್ಟುಡಿಯೋದವನನ್ನು ಕ್ಯಾಮೆರಾ ಸಮೇತ ಎಬ್ಬಿಸಿ, ದುಪಟ್ಟಾ ಜಾರಿದ್ದನ್ನೂ ನೋಡದೆ, ಯಾವತ್ತೂ ಹೋಗದ ದಾರಿಯಲ್ಲಿ ಓಡಿದಳು. ಕಬರಸ್ತಾನದ ಗೇಟಿನಲ್ಲಿ ಗಂಡಸರು ಕೈಯ ಮಣ್ಣು ಕೊಡವಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಮೂಡಲಗಿರಿಯಪ್ಪ. ಅವಳನ್ನೂ ಹಿಂದೆ ನಿಂತ ಕ್ಯಾಮೆರಾದವನನ್ನೂ ನೋಡಿ ಅವನಿಗೆ ಅರ್ಥವಾಯಿತು.

"ಆಯ್ತು ಮಗಾ," ಎಂದ. "ಮುಚ್ಬುಟ್ವಿ."