ಕರಡಿಗೆಯ ಕೆಳಗೆ

“ಕೈ ತಗಿ! ತಗಿ ಅಂದ್ನಲ್ಲ, ರಂಡಿ!”

ಚೀಲಕ್ಕೆ ಚುಚ್ಚಿ ಕಾಳು ನೋಡುವ ಕಬ್ಬಿಣದ ಕೊಳವೆ ಬಸವೇಶ್ವರ ಸಾವಕಾರನ ಕೈಯಲ್ಲಿತ್ತು. ಅದರಿಂದಲೇ ನನ್ನ ಮಣಿಕಟ್ಟಿಗೆ ಹೊಡೆದ. ಹೇಲು ಒರೆಸುತ್ತಿದ್ದ ಬಟ್ಟೆ ಕೆಳಗೆ ಬಿತ್ತು.

“ಅಪ್ಪನ ಲಿಂಗ ಮುಟ್ಟತಿ? ಹೊಲೇರ ಕೈಲೆ?”

“ಮುಟ್ಟಿಲ್ರೀ ಸಾವಕಾರ. ಕರಡಿಗಿ ಕಂಕುಳಾಗ ಸಿಕ್ಕಾದ್ರೀ. ಅದರ ಬುಡಕ ಒರಸಬೇಕಂತ…”

“ಹೇಲ ಬಳಿಯಾಕ ಇಟ್ಟೀವಿ. ಅಷ್ಟ ಬಳಿ.”

ಮಂಚದ ಮೇಲೆ ಅವನ ಅಪ್ಪ ಕಲ್ಯಾಣಪ್ಪ ವಾರೆಯಾದ ಬಾಯಿಂದ ಜೊಲ್ಲು ಸುರಿಸುತ್ತ ನೋಡುತ್ತಿದ್ದ. ಲಕ್ವಾ ಹೊಡೆದು ಎಂಟು ತಿಂಗಳಾಗಿತ್ತು. ಎಡಮೈ ಸತ್ತಿತ್ತು, ಮಾತು ಹೋಗಿತ್ತು. ಇಷ್ಟಲಿಂಗ ಇಟ್ಟ ಬೆಳ್ಳಿಯ ಕರಡಿಗೆ ಕೊರಳ ದಾರದಿಂದ ಜಾರಿ ಆ ಸತ್ತ ಕಂಕುಳಲ್ಲಿ ಹೂತಿತ್ತು.

ನನ್ನಪ್ಪ ಮುರುಮ ಊರಿನ ಇದೇ ಕಾಳಿನ ಅಂಗಡಿಯಲ್ಲಿ ಮೂಟೆ ಹೊತ್ತವನು. ಒಮ್ಮೆ ಬಾಯಾರಿ ಅಂಗಡಿಯ ಕೊಡ ಮುಟ್ಟಿದ್ದಕ್ಕೆ ಈ ಕಲ್ಯಾಣಪ್ಪ ತೂಕದ ಕಲ್ಲಿನಿಂದ ಅವನ ಬೆರಳು ಜಜ್ಜಿದ್ದ. ಆದ್ದರಿಂದ ನಾನು ಪ್ರೀತಿಯಿಂದ ತೊಳೆಯುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಕೆಲಸವೆಂದು ತೊಳೆಯುತ್ತಿದ್ದೆ.

ಮುದುಕನನ್ನು ಇಡಲು ಬೇರೆ ಜಾಗ ಹುಡುಕಲಿಲ್ಲವೆಂದಲ್ಲ. ಪಿಕಪ್ ಗಾಡಿಯ ಹಿಂದೆ ಮಲಗಿಸಿ, ಬಳಿಯಲು ನನ್ನನ್ನೂ ಹತ್ತಿಸಿಕೊಂಡು ಉಮರ್ಗಾ, ನಿಲಂಗಾ, ಉದಗೀರ ತಿರುಗಿದರು. ದವಾಖಾನೆಯವರು ಮನೆಗೆ ಒಯ್ಯಿರಿ ಎಂದರು. ಒಂದು ವೃದ್ಧಾಶ್ರಮದ ಗೇಟಿನಲ್ಲಿ ಮ್ಯಾನೇಜರ್ ಗಾಡಿಯೊಳಗೆ ಬಗ್ಗಿ ನೋಡಿ ಮೂಗು ಹಿಡಿದುಕೊಂಡ.

“ಸಂಡಾಸಕ್ಕ ತಾವ ಹೋಗ್ತಾರೇನ್ರೀ?”

“ಇಲ್ರೀ,” ಎಂದ ಬಸವೇಶ್ವರ.

“ಮಗ್ ನಕೋ, ಹಂಗಾದ್ರ ಬ್ಯಾಡ. ನಡಿಯೋರಿಗಷ್ಟ ಜಾಗ. ಅವರ ನಲವತ್ತ ಮಂದಿ ಕಾಯಲತ್ತಾರ. ಒಳಗಿಂದೊಬ್ಬ ಸತ್ತರ ಹೊರಗಿಂದೊಬ್ಬ.”

ಹಾಗೆ ಮುದುಕ ಅಂಗಡಿಯ ಹಿಂದಿನ ಗೋದಾಮಿಗೆ, ತೊಗರಿ ಚೀಲಗಳ ಪಕ್ಕಕ್ಕೆ ಬಂದ. ಮೊದಮೊದಲು ಸೊಸೆ ಸಾರಿಕಾ ದಿನಾ ಬೆಳಿಗ್ಗೆ ಬಂದು ಕರಡಿಗೆ ಎತ್ತಿ ಹಿಡಿಯುತ್ತಿದ್ದಳು, ನಾನು ಎದೆ, ಕಂಕುಳು ತೊಳೆಯುತ್ತಿದ್ದೆ. ಆಮೇಲೆ ಸೋಮವಾರಕ್ಕೊಮ್ಮೆ ಬಂದಳು. ಆಮೇಲೆ ಸೋಮವಾರವೂ ಬರಲಿಲ್ಲ.

ಕೊಳವೆಯ ಏಟು ಬಿದ್ದ ಮಧ್ಯಾಹ್ನ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತು ಕೇಳಿದೆ.

“ಬಾಯಿಸಾಬ, ಒಂದ ಘಳಿಗಿ ಬರ್ರಿ. ಕರಡಿಗಿ ಬುಡಕ ಚರ್ಮಾ ಹೋಗ್ಯಾದ. ವಾಸನಿ ಬ್ಯಾರೆ ಬರಲತ್ತಾದ.”

“ಈಗಷ್ಟ ಪೂಜಿ ಮಾಡೀನಿ. ಆ ಘಾಣ್ಯಾಗ, ಹೊಲಸಿನ್ಯಾಗ ಬರ್ಲೇನು?”

“ಹಂಗಾದ್ರ ನಾನ ಎತ್ತತೀನ್ರೀ. ಬಟ್ಟಿಲೆ ಹಿಡೀತೀನಿ.”

“ಎತ್ತಿ ನೋಡು. ನಮ್ಮವರು ನಿನ್ನ ಕೈ ಕಡೀತಾರ.” ಸಾರಿಕಾ ಒಗ್ಗರಣೆಗೆ ಸಾಸಿವೆ ಹಾಕಿದಳು. “ಅಲ್ಲಾ, ನಿಮ್ಮವ್ವನೂ ಹಾಸಿಗಿ ಹಿಡ್ದಾಳಂತಲ್ಲ. ಆಕೀದು ಯಾರ ಬಳೀತಾರ?”

“ಯಾರೂ ಇಲ್ರೀ. ಸಂಜಿಗಿ ನಾ ಹೋದಮ್ಯಾಲ.”

“ಮತ್ತ? ಆಕಿ ಸತ್ತಾಳೇನು?”

ನಾನು ತಿರುಗಿ ಬಂದೆ. ಮುಂದೆ ನಾಲ್ಕು ದಿನ ಸುಮ್ಮನಿದ್ದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ವಾಸನೆ ದಿನದಿನಕ್ಕೆ ಹೆಚ್ಚುತ್ತಿದ್ದುದು ನನಗೆ ಗೊತ್ತಿತ್ತು. ಹೆದರಿಕೆಯೋ, ಅಪ್ಪನ ಬೆರಳು ನೆನಪಾಗುತ್ತಿದ್ದವೋ, ಈಗಲೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ಐದನೆಯ ದಿನ ನಾನು ಬಟ್ಟೆ ಹಿಂಡುತ್ತಿದ್ದಾಗ ಮುದುಕ ಬಲಗೈಯಿಂದ ನನ್ನ ಸೆರಗು ಹಿಡಿದು ಜಗ್ಗಿದ. ಬಿಡಿಸಿಕೊಂಡೆ. ಮತ್ತೆ ಹಿಡಿದ. ಬಗ್ಗಿ ನೋಡಿದರೆ ಬೆಳ್ಳಿಯ ಅಂಚಿನಿಂದ ಬಿಳಿಯದೊಂದು ಹರಿದು ಬಂತು. ಅದರ ಹಿಂದೆ ಇನ್ನೊಂದು.

ಬರಿಗೈಯಲ್ಲೇ ಕರಡಿಗೆ ಎತ್ತಿದೆ. ಅದು ಸುಲಭವಾಗಿ ಬರಲಿಲ್ಲ, ಮಾಂಸಕ್ಕೆ ಅಂಟಿತ್ತು. ಕೆಳಗೆ ಒಂದು ಮುಷ್ಟಿಯಷ್ಟು ಗುಣಿ. ಒಳಗೆ ಎಲುಬು ಕಂಡಿತು. ಹುಳುಗಳು ಕುದಿಯುವ ಅನ್ನದ ಹಾಗೆ ಮಿಸುಕುತ್ತಿದ್ದವು. ಎಡಗೈಯಲ್ಲಿ ಕರಡಿಗೆ ಹಿಡಿದು ಬಲಗೈಯಿಂದ ಒಂದೊಂದೇ ಹೆಕ್ಕತೊಡಗಿದೆ. ಮುದುಕ ಹಲ್ಲು ಕಚ್ಚಿ ಅಳುತ್ತಿದ್ದ, ಸೆರಗು ಮಾತ್ರ ಬಿಡಲಿಲ್ಲ.

“ಕಳ್ಳೀ! ಬೆಳ್ಳಿ ಕದೀತಿ?”

ಹಿಂದಿನಿಂದ ಬಸವೇಶ್ವರ ನನ್ನ ತುರುಬು ಹಿಡಿದು ಎಳೆದ. ದಾರ ಮುದುಕನ ಕೊರಳಿಗೆ ಬಿಗಿದೀತೆಂದು ನಾನು ಕರಡಿಗೆ ಕೈಬಿಟ್ಟೆ. ಅವನು ನನ್ನ ತಲೆಯನ್ನು ಗೋಡೆಗೆ ಗುದ್ದಿದ. ಒಮ್ಮೆ, ಇನ್ನೊಮ್ಮೆ. ರಕ್ತ ಕಣ್ಣಿಗೆ ಇಳಿಯಿತು.

“ಹುಳಾ ಬಿದ್ದಾವ್ರೀ! ನಿಮ್ಮಪ್ಪಗ ಹುಳಾ ಬಿದ್ದಾವ! ನೋಡ್ರಿ!”

ಮುದುಕ “ಆಂ… ಆಂ…” ಎನ್ನುತ್ತ ಕೈ ಎತ್ತಿದ. ಮಗ ತಿರುಗಿ ಅವನ ಬಾಯಿಗೇ ಬಾರಿಸಿದ.

“ನೀ ಬಾಯಿ ಮುಚ್ಚು! ಸಾಯಲೊಲ್ಲಿ ಭಾಡ್ಯಾ, ನಮ್ಮ ಜೀವಾ ತಿನ್ನಲತ್ತಿ!”

ತುಟಿ ಸೀಳಿತು. ಬಸವೇಶ್ವರ ಕರಡಿಗೆ ಸರಿಪಡಿಸಲು ಬಗ್ಗಿದವನು ಗುಣಿ ಕಂಡು ಕೈ ಹಿಂದೆಗೆದ. ಒಂದು ಹುಳು ಅವನ ಬೆರಳ ಮೇಲೆಯೇ ಇತ್ತು. ಅವನು ಕೈ ಕೊಡವುತ್ತಿರುವಾಗ ನಾನು ಎರಡೂ ಕೈಯಿಂದ ನೂಕಿದೆ. ಅವನು ಅಪ್ಪನ ಕಾಲ ಮೇಲೆ ಬೋರಲು ಬಿದ್ದ. ಹೊರಗೆ ಬಂದು ಬಾಗಿಲು ಎಳೆದೆ. ಗೋದಾಮಾದ್ದರಿಂದ ಚಿಲಕ ಹೊರಗಿತ್ತು.

“ಏ ವಿಮ್ಲೀ! ತಗಿ! ಪೊಲೀಸರಿಗಿ ಕೊಡ್ತೀನಿ ನಿನ್ನ!”

“ಕೊಡ್ರಿ. ಬಕೀಟಿನಾಗ ನೀರ ಅದ, ಬಟ್ಟಿ ಅದ. ಲಿಂಗ ನೀವ ಎತ್ರಿ, ನೀವ ತೊಳೀರಿ. ತೊಳದಮ್ಯಾಲ ತಗೀತೀನಿ.”

ಅವನು ಬಾಗಿಲು ಒದ್ದ. ನಾನು ಬೆನ್ನು ಕೊಟ್ಟು ಕುಳಿತೆ. ಅಂಗಳದಲ್ಲಿ ಹಮಾಲರು ಮೂಟೆ ಹೊತ್ತಲ್ಲೇ ನಿಂತರು.

“ಏ ಜ್ಞಾನೇಶ್ವರ! ಆ ರಂಡಿನ್ನ ಎಳದ ಬಾಗಲಾ ತಗೀ!” ಒಳಗಿನಿಂದ ಕೂಗು.

ನಮ್ಮ ಓಣಿಯ ಜ್ಞಾನೇಶ್ವರ ನನ್ನ ಹಣೆ ನೋಡಿದ. ಮೂಟೆ ಕೆಳಗಿಳಿಸಿ, ಅದರ ಮೇಲೆ ಕುಳಿತು ತಂಬಾಕು ತಿಕ್ಕತೊಡಗಿದ.

ಸಾರಿಕಾ ಬಟ್ಟೆ ಒಗೆಯುವ ಬಡಿಗೆ ಹಿಡಿದು ಓಡಿಬಂದಳು. ಮೊಣಕಾಲಿಗೆ ಹೊಡೆದಳು, ಭುಜಕ್ಕೆ ಹೊಡೆದಳು. ಭುಜದಲ್ಲಿ ಏನೋ ಲಟಕ್ಕೆಂದಿತು. “ಸರಿ! ಸರೀಯೇ ಹಡಬಿ!” ನಾನು ಸರಿಯಲಿಲ್ಲ.

ಒಳಗೆ ಬಸವೇಶ್ವರ ವಾಂತಿ ಮಾಡಿಕೊಳ್ಳುತ್ತಿದ್ದ. ಆಮೇಲೆ ಅದೂ ನಿಂತಿತು. ಬಡಿಗೆ ಮತ್ತೆ ಮೇಲೆದ್ದಿತು. ನಾನು ಕಿವಿಯನ್ನು ಬಾಗಿಲಿಗೆ ಒತ್ತಿದೆ, ಬಕೀಟಿನಲ್ಲಿ ನೀರು ಅಲುಗಿದ ಸದ್ದು ಕೇಳುತ್ತದೇನೋ ಎಂದು.